ಗಾಜು ಬಿಚ್ಚುವ ತಸ್ಲೀಮಾ

ಗಂಗಾವತಿಯ ಹಳೆ ಬಜಾರಿನಲ್ಲಿ ತಸ್ಲೀಮಾಳ ಅಂಗಡಿ ಹುಡುಕಿ ಹೋದವರು ಮೊದಲ ಸಲ ಅದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಕಂಪ್ಯೂಟರಿನ ಅಂಗಡಿ ಎಂದರೆ ಬಣ್ಣದ ದೀಪ, ತಣ್ಣನೆ ಗಾಳಿ, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ನಾಲ್ಕು ಹುಡುಗರು ಇರಬೇಕು ಎಂದು ನಾವೆಲ್ಲ ನಂಬಿದ್ದೇವೆ. ಇಲ್ಲಿ ಬಾಗಿಲ ಮೇಲಿನ ಬೋರ್ಡು ಇವತ್ತಿಗೂ ‘ಅಬ್ದುಲಸಾಬ ಫೋಟೋ ಫ್ರೇಮ್ ವರ್ಕ್ಸ್’ ಎನ್ನುತ್ತದೆ. ಗೋಡೆಯ ತುಂಬ ದೇವರು, ಮೆಕ್ಕಾ ಮದೀನಾ, ಮದುವೆಯ ಜೋಡಿಗಳು, ತೀರಿಕೊಂಡ ಹಿರಿಯರು. ಭವಾನಿಯೂ ಎರಡು ಸಲ ದಾಟಿ ಹೋದಳು. ಮೂರನೆಯ ಸಲ ಒಳಗೆ ಕೂತಿದ್ದ ಮುದುಕ ಅಬ್ದುಲಸಾಬರೇ ಕರೆದು, ಕಂಪ್ಯೂಟರ್ ತಂದೀರೇನು ಎಂದು ಕೇಳಿದರು.

ತಂದಿದ್ದಳು. ಕುಷ್ಟಗಿಯಿಂದ ಬಸ್ಸಿನಲ್ಲಿ, ಕೌದಿಯಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು. ಪರದೆಯೂ ಯಂತ್ರವೂ ಒಂದೇ ಆಗಿರುವ ಆಲ್-ಇನ್-ಒನ್ ಕಂಪ್ಯೂಟರು ಅದು. ನೋಡಲು ಬಲು ಚೆಂದ. ಎಲ್ಲಿಯೂ ಒಂದು ಸ್ಕ್ರೂ ಕಾಣದು. ಮುಂದೆ ಗಾಜು, ಹಿಂದೆ ತಗಡು, ನಡುವೆ ಅಂಟು. ಅದನ್ನು ಯಾರೂ ಬಿಚ್ಚಕೂಡದು ಎಂದು ಮಾಡಿದವರಿಗೆ ಹಟ. ಒಳಗಿನ ಒಂದು ತುಂಡು ಹಳತಾದರೆ ಇಡೀ ಯಂತ್ರವನ್ನೇ ಬಿಸಾಕಿ ಹೊಸದು ತಗೊಳ್ಳಿ ಎಂಬ ಧೋರಣೆ. ಗುಂಡಿ ಕಿತ್ತುಹೋಯಿತೆಂದು ಅಂಗಿಯನ್ನೇ ಎಸೆಯುವವರನ್ನು ನಮ್ಮ ಅಜ್ಜಿಯಂದಿರು ಕಂಡಿದ್ದರೆ ಅವರಿಗೆ ಒಂದು ಲೋಟ ನೀರು ಸಹ ಕೊಡುತ್ತಿರಲಿಲ್ಲ.

ಭವಾನಿ ಕುಷ್ಟಗಿಯ ಒಂದು ಖಾಸಗಿ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಂಬತ್ತು ವರ್ಷಗಳಿಂದ ಕಂಪ್ಯೂಟರ್ ಕಲಿಸುತ್ತಿದ್ದಳು. ಲ್ಯಾಬಿನಲ್ಲಿ ಇಂಥವೇ ಹದಿನಾರು ಇದ್ದವು. ಬಂದ ಹೊಸದರಲ್ಲಿ ಚೆನ್ನಾಗಿಯೇ ಓಡಿದವು. ಈಗ ಬೆಳಿಗ್ಗೆ ಗುಂಡಿ ಒತ್ತಿ, ಹಾಜರಿ ಕರೆದು, ಹಿಂದಿನ ಪಾಠ ಕೇಳಿ ಮುಗಿಸುವ ಹೊತ್ತಿಗೆ ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಪಠ್ಯಕ್ಕೆ ಬಂದ ಹೊಸ ಸಾಫ್ಟ್‌ವೇರು ಹಾಕಿದರಂತೂ ಅಲ್ಲೇ ಕುಸಿದು ಕೂರುತ್ತಿದ್ದವು. ಮುಂದಿನ ಸೋಮವಾರ ವಿಶ್ವವಿದ್ಯಾಲಯದಿಂದ ತಪಾಸಣೆಯವರು ಬರುವವರಿದ್ದರು. ಆ ಸಾಫ್ಟ್‌ವೇರು ಓಡಿಸುವ ಹದಿನೈದು ಕಂಪ್ಯೂಟರು ಇದ್ದರೆ ಕೋರ್ಸು ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಮುಚ್ಚಿದರೆ ನಲವತ್ತೆರಡು ಹುಡುಗಿಯರು ಕೊಪ್ಪಳಕ್ಕೆ ಓಡಾಡಬೇಕು. ಅವರಲ್ಲಿ ಮೂವತ್ತು ಮಂದಿಯನ್ನು ಮನೆಯವರು ಅಷ್ಟು ದೂರ ಕಳಿಸುವುದಿಲ್ಲವೆಂದು ಭವಾನಿಗೆ ಹೆಸರು ಹಿಡಿದು ಗೊತ್ತಿತ್ತು. ಅವಳ ಕೆಲಸವೂ ಅಲ್ಲಿಗೆ ಮುಗಿಯುತ್ತಿತ್ತು.

ಸರ್ವೀಸಿನವನೊಬ್ಬ ಬಂದು ನೋಡಿ, ಇದು ಸೀಲ್ ಮಾಡಿದ ಮಾಲು, ಒಳಗೆ ಏನನ್ನೂ ಬದಲಿಸಲು ಬರುವುದಿಲ್ಲ ಎಂದು ಹೇಳಿ, ಚಹಾ ಕುಡಿದು ಹೋಗಿದ್ದ. ಕಾಲೇಜಿನ ಅಧ್ಯಕ್ಷ ಈಶಪ್ಪನವರು ಹೊಸದು ಕೊಳ್ಳುವ ಮಾತೇ ಬೇಡ ಎಂದಿದ್ದರು. ಗಂಗಾವತಿಯಲ್ಲಿ ಒಬ್ಬ ಹೆಣ್ಣುಮಗಳು ಇವನ್ನು ಬಿಚ್ಚಿ ಮೆಮೊರಿ ಹೆಚ್ಚಿಸಿ ಕೊಡುತ್ತಾಳಂತೆ ಎಂದು ಭವಾನಿ ಎಲ್ಲೋ ಕೇಳಿದ್ದನ್ನು ಹೇಳಿದಾಗ ಅವರು ಬಹಳ ಹೊತ್ತು ಗಲ್ಲ ಕೆರೆದುಕೊಂಡರು. ಕೊನೆಗೆ, ಒಂದನ್ನು ಒಯ್ದು ಮಾಡಿಸಿ ನೋಡಿ, ಸರಿಹೋದರೆ ಉಳಿದವೂ ಆಗಲಿ, ಆದರೆ ಒಂದೇ ಒಂದು ಗಾಜು ಒಡೆದರೂ ಅಲ್ಲಿಗೆ ಕೆಲಸ ಬಂದ್ ಎಂದು ಷರತ್ತು ಹಾಕಿದರು.

ತಸ್ಲೀಮಾ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನಲವತ್ತರ ಹತ್ತಿರದ ವಯಸ್ಸು, ತಲೆಯ ದುಪ್ಪಟ್ಟಾದ ಮೇಲೆ ಏರಿಸಿಟ್ಟ ಕನ್ನಡಕ, ಬೆರಳುಗಳ ಮೇಲೆ ಗಾಜು ಗೀರಿದ ಹಳೆಯ ಗೆರೆಗಳು. ಕೌದಿ ಬಿಡಿಸಿ ಕಂಪ್ಯೂಟರನ್ನು ಮೇಜಿನ ಮೇಲೆ ಮಲಗಿಸಿದಳು. ಗಾಜಿನ ಅಂಚನ್ನು ಉಗುರಿನಿಂದ ಕುಟ್ಟುತ್ತ, ಕಿವಿ ಹಚ್ಚಿ ಕೇಳುತ್ತ ಒಂದು ಸುತ್ತು ಬಂದಳು. ಏನು ಕೇಳುತ್ತಿದ್ದಾಳೆ ಎಂದು ಭವಾನಿಗೆ ಅರ್ಥವಾಗಲಿಲ್ಲ. ಅಂಟು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ಸದ್ದಿನಲ್ಲೇ ಗೊತ್ತಾಗುತ್ತದೆ ಎಂದು ಅಬ್ದುಲಸಾಬರು ವಿವರಿಸಿದರು. ಅವರಿಗೆ ಮಗಳ ಬಗ್ಗೆ ಮಾತಾಡುವುದೆಂದರೆ ಚಹಾದ ಚಟದ ಹಾಗೆ, ಶುರುವಾದರೆ ನಿಲ್ಲುವುದಿಲ್ಲ.

ಆ ಕಥೆ ಹೀಗೆ. ಹನ್ನೆರಡು ವರ್ಷದ ಹಿಂದೆ ಶ್ರೀರಾಮನಗರದ ಒಂದು ಅಕ್ಕಿ ಗಿರಣಿಯ ಗುಮಾಸ್ತ ಇಂಥದೇ ಕಂಪ್ಯೂಟರೊಂದನ್ನು ನೇರವಾಗಿ ಈ ಫ್ರೇಮಿನ ಅಂಗಡಿಗೆ ತಂದ. ಗಾಜಿನ ಒಳಗಡೆ ತೌಡಿನ ಧೂಳು ಸೇರಿಕೊಂಡಿತ್ತು. ಗಾಜು ಬಿಚ್ಚಿ ಒರೆಸಿ ಕೂಡಿಸುವುದು ಫ್ರೇಮಿನವರ ಕೆಲಸವಲ್ಲದೆ ಮತ್ತಾರದ್ದು ಎಂದು ಅವನ ಎಣಿಕೆ. ಊರಿನ ಕಂಪ್ಯೂಟರ್ ಅಂಗಡಿಯವರು ಈ ಸುದ್ದಿ ಕೇಳಿ ವಾರಗಟ್ಟಲೆ ನಕ್ಕರು. ಅಬ್ದುಲಸಾಬರು ನಗಲಿಲ್ಲ. ಥಂಡಿ ಹಿಡಿದು ಗಾಜಿಗೆ ಅಂಟಿಕೊಂಡ ದೇವರ ಪಟಗಳನ್ನು ಹರಿಯದಂತೆ ಬಿಡಿಸಿ ಅವರ ಆಯುಷ್ಯ ಸವೆದಿತ್ತು. ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರವನ್ನು ಅಂಚಿನಲ್ಲಿ ತೂರಿಸಿ, ಗರಗಸದಂತೆ ಮೆಲ್ಲಗೆ ಆಡಿಸಿ, ಬಿಟ್ಟ ಜಾಗ ಮತ್ತೆ ಅಂಟದಂತೆ ಹಳೆ ಎಕ್ಸ್-ರೇ ಹಾಳೆಯ ಪಟ್ಟಿಗಳನ್ನು ಸಿಕ್ಕಿಸುತ್ತ ಅವರು ಆ ಗಾಜನ್ನೂ ಬಿಡಿಸಿದರು. ಆಗ ಒಳಗೆ ಇಣುಕಿ ನೋಡಿದವಳು ತಸ್ಲೀಮಾ. ಬಿ.ಕಾಂ. ಮುಗಿಸಿ ಅಪ್ಪನ ಅಂಗಡಿಯಲ್ಲಿ ಕೂತಿದ್ದಳು. ಪರದೆಯ ಹಿಂದೆ ಮೆಮೊರಿ ಕೂಡಿಸುವ ಜಾಗ ಎರಡಿದ್ದು ಒಂದು ಖಾಲಿ ಇದ್ದದ್ದು ಅವಳ ಕಣ್ಣಿಗೆ ಬಿತ್ತು. ಬದಲಿಸಲು ಬರುವುದಿಲ್ಲ ಎಂದು ಲೋಕಕ್ಕೆಲ್ಲ ಹೇಳುವವರು ಒಳಗೆ ಖಾಲಿ ಜಾಗ ಯಾಕೆ ಇಟ್ಟಿದ್ದಾರೆ ಎಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ. ಗುಜರಿಯಿಂದ ಸತ್ತ ಯಂತ್ರಗಳನ್ನು ತಂದು ಬಿಚ್ಚಿದಳು, ಒಡೆದಳು, ಮತ್ತೆ ತಂದಳು. ಎರಡು ವರ್ಷದಲ್ಲಿ ಕೈ ಕುದುರಿತು. ವಾರಗಟ್ಟಲೆ ನಕ್ಕಿದ್ದ ಅಂಗಡಿಯವರೇ ಈಗ ಸೀಲ್ ಮಾಡಿದ ಯಂತ್ರ ಬಂದರೆ ಗಿರಾಕಿಗೆ ನಾಳೆ ಬನ್ನಿ ಎಂದು ಹೇಳಿ, ಹಿಂದಿನ ಓಣಿಯಿಂದ ಇವಳ ಹತ್ತಿರ ಕಳಿಸುತ್ತಾರೆ.

ಅಷ್ಟರಲ್ಲಿ ತಸ್ಲೀಮಾಳ ಉಗುರು ಮೇಲಂಚಿನ ನಟ್ಟನಡುವೆ ನಿಂತಿತ್ತು. ಅಲ್ಲಿ ಸದ್ದು ಬೇರೆ ಇತ್ತು. ಇಲ್ಲಿ ಏನು ಹಚ್ಚಿದ್ದೀರಿ ಎಂದು ಕೇಳಿದಳು. ಭವಾನಿಗೆ ನಾಚಿಕೆಯಾಯಿತು. ಮಹಾನವಮಿಯ ಆಯುಧ ಪೂಜೆಗೆ ಪ್ರತಿ ಕಂಪ್ಯೂಟರಿನ ನೆತ್ತಿಯ ಮೇಲೂ ಹುಲಿಗೆಮ್ಮನ ಒಂದು ಪುಟ್ಟ ಪಟ ಇಡುವುದು ಲ್ಯಾಬು ಶುರುವಾದಾಗಿನ ಪದ್ಧತಿ. ಫ್ಯಾನಿನ ಗಾಳಿಗೆ ಪಟ ಹಾರುತ್ತದೆಂದು ಕಸ ಗುಡಿಸುವ ಪಾರಮ್ಮ ಕ್ಷಣದಲ್ಲಿ ಅಂಟುವ ಗೋಂದು ಹಾಕಿ ಹದಿನಾರಕ್ಕೂ ಅಂಟಿಸಿದ್ದಳು. ಆ ಗೋಂದು ಸಂದಿಗೆ ಇಳಿದು ಗಾಜನ್ನೂ ತಗಡನ್ನೂ ಕಲ್ಲಿನಂತೆ ಹಿಡಿದುಕೊಂಡಿತ್ತು. ಬರುವಾಗ ಭವಾನಿ ಪಟವನ್ನು ಕಿತ್ತಿಟ್ಟಿದ್ದಳು, ಗೋಂದು ಉಳಿದಿತ್ತು. ಅಬ್ದುಲಸಾಬರು ಹೊಟ್ಟೆ ಹಿಡಿದು ನಕ್ಕರು. ಕಂಪನಿಯವರ ಸೀಲಿಗಿಂತ ಪಾರಮ್ಮನ ಸೀಲೇ ಗಟ್ಟಿ ಎಂದರು.

ತಸ್ಲೀಮಾ ಉಗುರಿನ ಬಣ್ಣ ತೆಗೆಯುವ ಔಷಧದಲ್ಲಿ ದಾರ ಅದ್ದಿ, ಆ ಜಾಗದಲ್ಲಿಟ್ಟು ಕೈ ಕಟ್ಟಿ ಕೂತಳು. ಹತ್ತು ನಿಮಿಷ ಏನೂ ಮಾಡಲಿಲ್ಲ. ಅವಳ ಕೆಲಸದಲ್ಲಿ ಭವಾನಿಗೆ ಮೊದಲು ಮೆಚ್ಚಿಗೆಯಾದದ್ದು ಈ ಸುಮ್ಮನೆ ಕೂರುವುದೇ. ಆಮೇಲೆ ಕೂದಲು ಒಣಗಿಸುವ ಯಂತ್ರದಿಂದ ಸುತ್ತಲೂ ಬಿಸಿ ಮಾಡಿ, ದಾರ ಆಡಿಸಿ, ಗಾಜನ್ನು ಎತ್ತಿ ಪಕ್ಕಕ್ಕಿಟ್ಟಳು. ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟಿ, ಒಳಗಿನ ಸೂಕ್ಷ್ಮ ತುಂಡುಗಳು ಸುಡದಂತೆ ಮೈಯ ಕರೆಂಟು ಇಳಿಸಿಕೊಂಡಳು. ಪರದೆಯ ಸ್ಕ್ರೂ ತೆಗೆದು, ಅದರ ಕೆಳಗಿನ ಎರಡು ತೆಳು ವೈರುಗಳನ್ನು ಬಿಡಿಸಿ, ತಿರುಗುವ ಹಳೆ ಹಾರ್ಡ್ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಂಗೈಗಿಂತ ಚಿಕ್ಕದಾದ ಹೊಸ ಎಸ್‌ಎಸ್‌ಡಿಗೆ ಇಳಿಸಿ, ಅದನ್ನು ಹಳೆಯದರ ಜಾಗದಲ್ಲಿ ಕೂಡಿಸಿದಳು. ಖಾಲಿ ಜಾಗದಲ್ಲಿ ಮೆಮೊರಿ ಕೂಡಿಸಿದಳು. ಹೊಸ ಟೇಪು ಹಚ್ಚಿ ಗಾಜು ಮುಚ್ಚಿ ಗುಂಡಿ ಒತ್ತಿದರೆ, ಭವಾನಿ ಕುರ್ಚಿ ಎಳೆದುಕೊಂಡು ಕೂರುವುದರೊಳಗೆ ಪರದೆ ತೆರೆದುಕೊಂಡಿತು. ಒಂಬತ್ತು ವರ್ಷ ಕಂಪ್ಯೂಟರ್ ಕಲಿಸಿದವಳು ಕಂಪ್ಯೂಟರಿನ ಹೊಟ್ಟೆಯನ್ನು ಅವತ್ತೇ ಮೊದಲು ನೋಡಿದ್ದು.

ಗುರುವಾರ ತಸ್ಲೀಮಾ ಕುಷ್ಟಗಿಗೆ ಬಂದಳು. ಎಲ್ಲ ಯಂತ್ರಗಳನ್ನೂ ಕುಟ್ಟಿ ಕೇಳಿ, ಬೆನ್ನಿಗೆ ಅಂಟಿಸಿದ ಚೀಟಿ ಓದಿ, ಕೊನೆಯದರ ಮುಂದೆ ನಿಂತು ತಲೆ ಆಡಿಸಿದಳು. ಅದು ಆಮೇಲೆ ಬಂದ ಬೇರೆ ಮಾದರಿ. ಅದರ ಮೆಮೊರಿಯನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ, ಹೆಚ್ಚಿಸಲು ಬರುವುದಿಲ್ಲ, ಸುಳ್ಳು ಹೇಳಿ ಬಿಚ್ಚುವುದಿಲ್ಲ ಎಂದಳು. ಹೀಗೆ ಹದಿನಾರು ಹೋಗಿ ಹದಿನೈದು ಉಳಿಯಿತು. ಬೇಕಾದದ್ದೂ ಹದಿನೈದೇ. ಒಂದು ಕೆಟ್ಟರೂ ಕಥೆ ಮುಗಿಯಿತು ಎಂದು ಭವಾನಿ ಮತ್ತೊಮ್ಮೆ ಎಣಿಸಿ ನೋಡಿದಳು.

ಪಾರಮ್ಮ ಲ್ಯಾಬಿನ ಬಾಗಿಲಲ್ಲಿ ಸೆರಗು ಬಿಗಿದು ನಿಂತಿದ್ದಳು. ತಪಾಸಣೆ ಹತ್ತಿರ ಬಂದಾಗ ತಾಯಿಯ ಪಟ ಕೀಳುವುದೆಂದರೇನು ಎಂದು ಅವಳ ತಕರಾರು. ಗುಮಾಸ್ತನೊಬ್ಬ ಬ್ಲೇಡು ಹಿಡಿದು ಬಂದ. ತಸ್ಲೀಮಾ ಅವನ ಕೈಯಿಂದ ಬ್ಲೇಡು ಇಸಿದುಕೊಂಡು ಕಿಟಕಿಯಲ್ಲಿಟ್ಟಳು. ಮೇಜಿನ ಮೇಲೆ ಹೊಸ ಬಿಳಿ ವಸ್ತ್ರ ಹಾಸಿದಳು. ಮೊದಲ ಪಟವನ್ನು ಅಂಚು ಸಹ ಹರಿಯದಂತೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಅದರ ಮೇಲಿಟ್ಟಳು. ಪಾರಮ್ಮ ನೋಡಿದಳು, ಸೆರಗು ಸಡಿಲಿಸಿದಳು. ನಾಲ್ಕನೆಯದಕ್ಕೆ ತಾನೇ ಬಂದು ಕೂತು, ಹೂ ಕಟ್ಟಿ ಪಳಗಿದ ಕೈಯಿಂದ ದಾರ ಅದ್ದಿ ಕೊಡತೊಡಗಿದಳು. ಔಷಧ ಸಾಲದಾದಾಗ, ಉಗುರಿಗೆ ಬಣ್ಣ ಹಚ್ಚಬಾರದೆಂಬ ಕಟ್ಟುನಿಟ್ಟಿನ ನಿಯಮವಿದ್ದ ಆ ಕಾಲೇಜಿನಲ್ಲಿ ಹುಡುಗಿಯರ ಬ್ಯಾಗುಗಳಿಂದ ಆರು ಸೀಸೆ ಹೊರಬಂದವು. ಭವಾನಿ ನೋಡಿಯೂ ನೋಡದವಳ ಹಾಗೆ ಇಸಿದುಕೊಂಡಳು.

ತಸ್ಲೀಮಾ ಬಿಚ್ಚುತ್ತಿದ್ದಳು, ಬಿಚ್ಚುತ್ತಲೇ ಕಲಿಸುತ್ತಿದ್ದಳು. ಶುಕ್ರವಾರ ಭವಾನಿಗೆ ಎಕ್ಸ್-ರೇ ಪಟ್ಟಿ ಹಿಡಿಯುವ ಕೆಲಸ, ಶನಿವಾರ ಸ್ಕ್ರೂ ಮತ್ತು ವೈರಿನ ಕೆಲಸ. ತನ್ನ ವಿದ್ಯೆಯನ್ನು ಮುಚ್ಚಿಟ್ಟು ಬದುಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈಕೆಗೆ ಆ ಬುದ್ಧಿಯೇ ಇರಲಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಮುಗಿದಿದ್ದವು. ಹದಿನೈದನೆಯದರ ಮುಂದೆ ತಸ್ಲೀಮಾ ಕುರ್ಚಿ ಬಿಟ್ಟು ಎದ್ದಳು.

“ಇದನ್ನ ನೀವ ಬಿಚ್ರಿ ಮೇಡಂ,” ಎಂದು ದಾರವನ್ನು ಭವಾನಿಯ ಕೈಗೆ ಕೊಟ್ಟಳು.

ಬೇಡ ಎಂದಳು ಭವಾನಿ. ಇನ್ನೊಂದು ದಿನ ನೋಡೋಣ ಎಂದಳು. ಇನ್ನೊಂದು ದಿನ ನಾನು ಇಲ್ಲಿ ಇರುವುದಿಲ್ಲವಲ್ಲ ಎಂದು ತಸ್ಲೀಮಾ ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ಕೆಳಗಿನ ಅಂಚು, ಎಡ, ಬಲ ಎಲ್ಲವೂ ಸಲೀಸಾಗಿ ಬಿಟ್ಟವು. ಮೇಲಂಚಿನ ಗೋಂದಿನ ಹತ್ತಿರ ಬಂದಾಗ, ಇಷ್ಟು ಬಂದಿದೆ, ಇದೂ ಬರುತ್ತದೆ ಎಂಬ ಹುರುಪು ಭವಾನಿಗೆ ಹತ್ತಿತು. ಹತ್ತು ನಿಮಿಷ ಕೂರಬೇಕಾದ ಜಾಗದಲ್ಲಿ ಎರಡು ನಿಮಿಷವೂ ಕೂರದೆ ದಾರ ಜಗ್ಗಿದಳು. ಚಟ್ಟನೆ ಒಂದು ಸಣ್ಣ ಸದ್ದಾಯಿತು. ಮೇಲಿನಿಂದ ಕೆಳಗಿನವರೆಗೆ ಗಾಜಿನಲ್ಲಿ ಗೆರೆ ಇಳಿಯಿತು.

ಕೆಲಸ ಎಲ್ಲಿಗೆ ಬಂತೆಂದು ನೋಡಲು ಈಶಪ್ಪನವರು ಬಾಗಿಲಿಗೆ ಬಂದದ್ದೂ ಅದೇ ಗಳಿಗೆಯಲ್ಲೇ. ಏನಾಯಿತು ಎಂದು ಕೇಳಿದರು. ಭವಾನಿ ದಾರ ಕೆಳಗಿಟ್ಟು ಗೋಡೆಯ ಕಡೆ ಸರಿದಳು. ತಸ್ಲೀಮಾ ಮುಂದೆ ಬಂದಳು.

“ಗಾಜು ಒಡೀತ್ರಿ ಸಾವಕಾರ. ತಪ್ಪು ನಂದ.”

ಈಶಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ಮೊದಲೇ ಹೇಳಿದ್ದೆ, ಫೋಟೋಕ್ಕೆ ಕಟ್ಟು ಹಾಕುವವರ ಕೈಗೆ ಕಂಪ್ಯೂಟರು ಕೊಟ್ಟರೆ ಇದೇ ಆಗುವುದು ಎಂದು ರಜೆಯಿದ್ದರೂ ನೆರವಿಗೆ ಬಂದಿದ್ದ ಹುಡುಗಿಯರ ಎದುರೇ ಕೂಗಾಡಿದರು. ತಸ್ಲೀಮಾ ತಲೆ ತಗ್ಗಿಸಲಿಲ್ಲ. ಒಡೆದದ್ದು ಹೊರಗಿನ ಗಾಜು ಮಾತ್ರ, ಒಳಗಿನ ಪರದೆಗೆ ಏನೂ ಆಗಿಲ್ಲ, ಸಂಜೆಯೊಳಗೆ ಮುಚ್ಚಿ ಕೊಟ್ಟು ಹೋಗುತ್ತೇನೆ ಎಂದಷ್ಟೇ ಹೇಳಿದಳು. ಉಳಿದದ್ದು ಅದೊಂದೇ ಆದ್ದರಿಂದ ಅವರು ಗೊಣಗುತ್ತ ಒಪ್ಪಿದರು. ಭವಾನಿ ಗೋಡೆಗೆ ಒರಗಿ ನಿಂತೇ ಇದ್ದಳು. ತನ್ನ ತಪ್ಪಿಗೆ ಇನ್ನೊಬ್ಬಳು ಬೈಸಿಕೊಳ್ಳುವುದನ್ನು ನೋಡುತ್ತ ನಿಂತ ಆ ಐದು ನಿಮಿಷ ಅವಳ ಬದುಕಿನ ಅತ್ಯಂತ ಸಣ್ಣತನದ ಹೊತ್ತು. ಅದು ಅವಳಿಗೂ ಗೊತ್ತಿತ್ತು.

ತಸ್ಲೀಮಾ ಅಪ್ಪನಿಗೆ ಫೋನು ಮಾಡಿ ಉದ್ದ ಅಗಲ ಹೇಳಿದಳು. ಅಬ್ದುಲಸಾಬರು ಪಟಗಳಿಗೆ ಹಾಕುವ ತೆಳು ಗಾಜನ್ನು ಅಳತೆಗೆ ಕೊಯ್ದು, ಪೇಪರಿನಲ್ಲಿ ಸುತ್ತಿ, ಬಸ್ಸು ಹತ್ತಿ ಬಂದರು. ಕಂಪನಿಯ ಗುರುತೊಂದು ಇರಲಿಲ್ಲ ಎಂಬುದು ಬಿಟ್ಟರೆ ಅದು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತು. ಬಸ್‌ಸ್ಟ್ಯಾಂಡಿನಲ್ಲಿ ಅವರಿಬ್ಬರನ್ನು ಕಳಿಸಲು ಬಂದ ಭವಾನಿ ಕೊನೆಗೂ ಬಾಯಿ ಬಿಟ್ಟು, ನಾನು ಒಡೆದದ್ದನ್ನು ನಿಮ್ಮ ಮೇಲೆ ಯಾಕೆ ಹಾಕಿಕೊಂಡಿರಿ ಎಂದು ಕೇಳಿದಳು.

“ದಾರ ನಿಮ್ಮ ಕೈಯಾಗ ಕೊಟ್ಟಾಕಿ ನಾನು. ಅವಸರ ಮಾಡಬ್ಯಾಡ್ರಿ ಅಂತ ಹೇಳಾಕಿನೂ ನಾನ ಇದ್ದೆ, ಹೇಳಲಿಲ್ಲ,” ಎಂದಳು ತಸ್ಲೀಮಾ. ಆಮೇಲೆ ನಕ್ಕು, “ಒಂದು ಒಡದ್ರಿ ಅಂತ ಕೈ ಬಿಡಬ್ಯಾಡ್ರಿ ಮೇಡಂ. ನಾ ಒಡದದ್ದಕ್ಕ ಲೆಕ್ಕನ ಇಲ್ಲ,” ಎಂದು ದಾರದ ಉಂಡೆ, ಎಕ್ಸ್-ರೇ ಪಟ್ಟಿ, ಉಳಿದ ಟೇಪು ಎಲ್ಲವನ್ನೂ ಅವಳ ಕೈಗಿಟ್ಟು ಬಸ್ಸು ಹತ್ತಿದಳು.

ಸೋಮವಾರ ಹನ್ನೊಂದಕ್ಕೆ ತಪಾಸಣೆಯವರು ಮೂವರು ಬಂದರು. ಅವರಲ್ಲಿ ಹಿರಿಯರಾದ ಪ್ರೊಫೆಸರರು ಎಲ್ಲವನ್ನೂ ತಾವೇ ಶುರು ಮಾಡಿ ನೋಡಿದರು. ಹದಿನೈದೂ ಎದ್ದವು, ಸಾಫ್ಟ್‌ವೇರು ಎಲ್ಲದರಲ್ಲೂ ಓಡಿತು. ಭವಾನಿ ಉಸಿರು ಬಿಡುವಷ್ಟರಲ್ಲಿ ಅವರ ಕಣ್ಣು ಗುರುತಿಲ್ಲದ ಗಾಜಿನ ಮೇಲೆ ಬಿತ್ತು. ಈಶಪ್ಪನವರು ಅವಸರವಾಗಿ, ಗಂಗಾವತಿಯ ಒಬ್ಬಳು ಬಿಚ್ಚುವಾಗ ಒಡೆದಳು ಎಂದರು. ಪ್ರೊಫೆಸರರು ಪೆನ್ನು ಕೆಳಗಿಟ್ಟರು. ಸೀಲ್ ಒಡೆದ ಯಂತ್ರಗಳನ್ನು ಕಂಪನಿಯವರು ಇನ್ನು ಮುಟ್ಟುವುದಿಲ್ಲ, ಪರೀಕ್ಷೆಯ ದಿನ ನಾಲ್ಕು ಕೈಕೊಟ್ಟರೆ ಗಂಗಾವತಿಗೆ ಹೊತ್ತೊಯ್ಯುತ್ತೀರೇನು, ರಿಪೇರಿ ಮಾಡುವವರು ಇಲ್ಲದ ಲ್ಯಾಬಿಗೆ ಒಪ್ಪಿಗೆ ಹೇಗೆ ಕೊಡಲಿ ಎಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಬಾಗಿಲಲ್ಲಿ ನಿಂತ ಹುಡುಗಿಯರ ಮುಖ ಇಳಿದುಹೋಯಿತು.

ಭವಾನಿ ಮುಂದೆ ಬಂದು, “ಇಲ್ಲೇ ಬಿಚ್ಚತೀನ್ರಿ ಸರ್, ನಾನ,” ಎಂದಳು.

ಈಶಪ್ಪನವರು ಅಡ್ಡ ಬಂದರು. “ಬ್ಯಾಡ್ರಿ ಮೇಡಂ. ಅಷ್ಟು ಅನುಭವ ಇದ್ದಾಕಿನ ಒಡದು ಹೋಗ್ಯಾಳ.”

“ಅಕಿ ಒಡದಿಲ್ರಿ. ಒಡದಾಕಿ ನಾನು. ನನ್ನ ಸಲುವಾಗಿ ಅಕಿ ಬೈಸಿಕೊಂಡ್ಳು. ನಿನ್ನೆ ನನಗ ಹೇಳಾಕ ಧೈರ್ಯ ಆಗಲಿಲ್ಲ.”

ಭವಾನಿ ಹೊಸ ಗಾಜಿನದನ್ನು ಬಿಟ್ಟು, ಕಿಟಕಿಯ ಹತ್ತಿರದ ಇನ್ನೊಂದು ಕಂಪ್ಯೂಟರನ್ನು ಆರಿಸಿ, ತಂತಿ ಕಿತ್ತು ಮಲಗಿಸಿದಳು. ಅಂಚನ್ನು ಬಿಸಿ ಮಾಡಿದಳು. ದಾರ ತೂರಿಸಿ ಕೆಳಗಿನಿಂದ ಶುರು ಮಾಡಿದಳು. ಬಿಟ್ಟ ಕಡೆ ಪಟ್ಟಿ ಸಿಕ್ಕಿಸುತ್ತ ಹೋದಳು. ಮೇಲಂಚು ಬಂದಾಗ ದಾರವನ್ನು ಹಾಗೇ ಬಿಟ್ಟು, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು. ಪ್ರೊಫೆಸರರು ಗಡಿಯಾರ ನೋಡಿಕೊಂಡರು. ಅವಳು ಏಳಲಿಲ್ಲ. ಅಲ್ಲಿ ಈಗ ಗೋಂದು ಇರಲಿಲ್ಲ, ಹೊಸ ಟೇಪಷ್ಟೇ ಇತ್ತು, ಅಷ್ಟು ಕಾಯುವ ಅಗತ್ಯವೂ ಇರಲಿಲ್ಲ. ನಿನ್ನೆ ಕೂರದ ಹತ್ತು ನಿಮಿಷವನ್ನು ಇವತ್ತು ಕೂರುತ್ತಿದ್ದಳು. ಅದು ಮುಗಿದ ಮೇಲೆ ದಾರವನ್ನು ಎರಡು ಸಲ ಆಡಿಸಿದಳು. ಗಾಜು ಸದ್ದಿಲ್ಲದೆ ಎದ್ದಿತು.

“ಸರ್, ಆ ಕಡೆ ಹಿಡೀರಿ,” ಎಂದಳು. ಎದುರಿಗಿದ್ದವರು ಈಶಪ್ಪನವರು. ಅವರು ಎರಡೂ ಕೈ ಚಾಚಿ ಗಾಜನ್ನು ಇಸಿದುಕೊಂಡರು.

ಭವಾನಿ ಪರದೆ ಸರಿಸಿ ಮೆಮೊರಿ ಯಾವುದು, ಎಸ್‌ಎಸ್‌ಡಿ ಯಾವುದು, ಯಾವುದು ಕೆಟ್ಟರೆ ಏನು ಮಾಡಬೇಕು ಎಂದು ತೋರಿಸಿದಳು. ಇದನ್ನು ಎಲ್ಲಿ ಕಲಿತಿರಿ ಎಂದು ಪ್ರೊಫೆಸರರು ಕೇಳಿದರು. ಗಂಗಾವತಿಯ ಹಳೆ ಬಜಾರಿನ ಫೋಟೋ ಫ್ರೇಮಿನ ಅಂಗಡಿಯ ತಸ್ಲೀಮಾ ಅವರ ಹತ್ತಿರ ಎಂದು ಅವಳು ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದಳು. ಅವರು ಒಪ್ಪಿಗೆ ಎಂದು ಬರೆದು, ರುಜು ಹಾಕಿ, ಕಾಗದವನ್ನು ಮೇಜಿನ ಮೇಲಿಟ್ಟರು. ಹುಡುಗಿಯರ ಗದ್ದಲದಲ್ಲಿ ಪಾರಮ್ಮ ಕಣ್ಣೊರೆಸಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ.

ಈಶಪ್ಪನವರು ಮಾತ್ರ ಗಾಜನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದರು. ಗದ್ದಲ ಸ್ವಲ್ಪ ಇಳಿದ ಮೇಲೆ ಭವಾನಿಗಷ್ಟೇ ಕೇಳುವಂತೆ, “ಆ ಹೆಣ್ಣಮಗಳಿಗೆ ಒಂದು ಫೋನ್ ಹಚ್ಚಿ ಕೊಡ್ರಿ. ನಾ ಮಾತಾಡಬೇಕು,” ಎಂದರು.

ಅವರ ಎರಡು ಕೈಯಲ್ಲೂ ಗಾಜು ಇತ್ತು. ಭವಾನಿ ಫೋನು ಹಚ್ಚಿ, ಅವರು ತಸ್ಲೀಮಾಳ ಜೊತೆ ಮಾತಾಡಿ ಮುಗಿಸುವವರೆಗೂ ಅದನ್ನು ಅವರ ಕಿವಿಗೆ ಹಿಡಿದುಕೊಂಡು ನಿಂತಳು.